ನಕ್ಷತ್ರಗಳು ದಾರಿ ತೋರಿಸುತ್ತವೆ, ಹಣೆಬರಹ ಬರೆಯುವುದಿಲ್ಲ

(ಅಜೆಕಾರಿನಲ್ಲಿ ನೆರೆದ ಕುಟುಂಬಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)



ಕಾರ್ಕಳದಿಂದ ಅಜೆಕಾರಿಗೆ ಬರುವ ದಾರಿಯಲ್ಲಿ ಒಂದು ಅಂಗಡಿಯ ಮುಂದೆ ಚಹಾಕ್ಕೆಂದು ನಿಂತಿದ್ದೆ. ಇಬ್ಬರು ವಯೋವೃದ್ಧ ಕೃಷಿಕರು ಮಳೆಯ ಕುರಿತು ಮಾತನಾಡುತ್ತಿದ್ದರು. ಆರ್ದ್ರಾ ಮಳೆ ಕೈಕೊಟ್ಟಿತು, ಪುನರ್ವಸುವಾದರೂ ಹಿಡಿಯಬಹುದು ಎಂಬುದು ಅವರ ಲೆಕ್ಕಾಚಾರ. ಘಟ್ಟದ ಬುಡದ ಈ ಊರಿನಲ್ಲಿ ಹಿಂದೂ, ಮುಸ್ಲಿಮ್, ಕ್ರೈಸ್ತ, ಜೈನ ಎಂಬ ಭೇದವಿಲ್ಲದೆ ಎಲ್ಲ ಬೇಸಾಯಗಾರರೂ ಮಳೆಯನ್ನು ನಕ್ಷತ್ರದ ಹೆಸರಿನಿಂದಲೇ ಕರೆಯುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಸೂರ್ಯನು ಆಕಾಶದ 27 ಭಾಗಗಳಲ್ಲಿ ಒಂದೊಂದನ್ನು ದಾಟಲು ಹದಿಮೂರು ಹದಿನಾಲ್ಕು ದಿನ ತೆಗೆದುಕೊಳ್ಳುತ್ತಾನೆ. ಆ ಅವಧಿಗೆ ಹಿರಿಯರು ಇಟ್ಟ ಹೆಸರುಗಳಿವು. ಜೂನ್ 22ರ ಸುಮಾರಿಗೆ ಆರ್ದ್ರಾ ಆರಂಭವಾಗುತ್ತದೆ ಎಂದರೆ ಅದು ಒಂದು ತಾರೀಕು. ಅಕ್ಷರ ಬಾರದವನೂ ಓದಬಲ್ಲ ಕ್ಯಾಲೆಂಡರ್.

ಆದರೆ ಆ ತಾರೀಕು ಯಾವ ಕ್ಷಣದಲ್ಲಿ ಒಡೆಯನಾಗಿ ಬಿಡುತ್ತದೆ? ಇಂದಿನ ನನ್ನ ಮಾತೆಲ್ಲವೂ ಈ ಒಂದು ಪ್ರಶ್ನೆಯ ಸುತ್ತಲಿದೆ.

ಅರಬರಲ್ಲಿಯೂ ಇಂಥದೇ ಲೆಕ್ಕವಿತ್ತು. ಅವರು ಚಂದ್ರನ ದಾರಿಯನ್ನು 28 ತಂಗುದಾಣಗಳಾಗಿ ವಿಂಗಡಿಸಿದ್ದರು. ಇಂಥ ನಕ್ಷತ್ರದಿಂದ ಇಂಥ ಮಳೆ ಎನ್ನುತ್ತಿದ್ದರು. ಕ್ರಿ.ಶ. 628ರಲ್ಲಿ ಹುದೈಬಿಯಾದಲ್ಲಿ ಒಂದು ರಾತ್ರಿ ಮಳೆ ಸುರಿಯಿತು. ಬೆಳಗಿನ ನಮಾಝಿನ ಬಳಿಕ ಪ್ರವಾದಿ ಮುಹಮ್ಮದ್(ಸ)ರು ಅನುಯಾಯಿಗಳತ್ತ ತಿರುಗಿ, ಮಳೆಯನ್ನು ಅಲ್ಲಾಹನ ಅನುಗ್ರಹವೆಂದವನು ವಿಶ್ವಾಸಿಯಾಗಿ ಬೆಳಗು ಕಂಡನೆಂದೂ, ಇಂಥ ನಕ್ಷತ್ರದ ದಯೆಯೆಂದವನು ನಕ್ಷತ್ರವನ್ನು ನಂಬಿದವನಾದನೆಂದೂ ತಿಳಿಸಿಕೊಟ್ಟರು. ನಕ್ಷತ್ರದಿಂದ ಋತುವನ್ನು ಗುರುತಿಸುವುದನ್ನು ಅವರು ತಡೆಯಲಿಲ್ಲ. ಗುರುತಿನ ಕಂಬವನ್ನೇ ದಾರಿಯ ಯಜಮಾನನೆಂದು ಭಾವಿಸುವುದನ್ನು ತಡೆದರು.

ಎರಡನೆಯ ಘಟನೆ ಇನ್ನೂ ಮನಕಲಕುವಂಥದು. ಪ್ರವಾದಿವರ್ಯರ ಪುಟ್ಟ ಮಗು ಇಬ್ರಾಹೀಮ್ ತೀರಿಕೊಂಡ ದಿನ ಮದೀನಾದಲ್ಲಿ ಸೂರ್ಯಗ್ರಹಣವಾಯಿತು. ಖಗೋಳ ಗಣನೆಯ ಪ್ರಕಾರ ಅದು ಕ್ರಿ.ಶ. 632ರ ಜನವರಿ 27. ಮಗುವಿನ ಮರಣಕ್ಕೆ ಸೂರ್ಯನೇ ಶೋಕಾಚರಣೆ ಮಾಡುತ್ತಿದ್ದಾನೆಂದು ಜನ ಮಾತನಾಡಿಕೊಂಡರು. ಸಾಮಾನ್ಯ ನಾಯಕನೊಬ್ಬನಿಗೆ ಇದಕ್ಕಿಂತ ದೊಡ್ಡ ಪ್ರಚಾರ ಬೇಕಿತ್ತೇ? ಸುಮ್ಮನಿದ್ದರೂ ಸಾಕಿತ್ತು. ಆದರೆ ಕಣ್ಣೀರು ಆರದ ಆ ತಂದೆ ಎದ್ದು ನಿಂತು, ಸೂರ್ಯ ಚಂದ್ರರು ಅಲ್ಲಾಹನ ದೃಷ್ಟಾಂತಗಳೆಂದೂ, ಯಾರದೇ ಹುಟ್ಟು ಸಾವಿಗಾಗಿ ಅವುಗಳಿಗೆ ಗ್ರಹಣ ಹಿಡಿಯದೆಂದೂ ಸಾರಿದರು. ಸ್ವಂತ ಮಗನ ಸಾವನ್ನೂ ಮೂಢನಂಬಿಕೆಯ ಬಂಡವಾಳವಾಗಲು ಬಿಡದ ಪ್ರವಾದಿಯ ಸಮುದಾಯ ನಾವು. ಹುಟ್ಟು ಸಾವುಗಳಿಗೂ ಆಕಾಶಕಾಯಗಳಿಗೂ ಸಂಬಂಧವಿದೆಯೇ ಎಂಬ ಪ್ರಶ್ನೆಗೆ ನಮ್ಮ ಪಾಲಿಗೆ ಉತ್ತರ ಅಂದೇ ದೊರೆತಿದೆ.

ಹಾಗಾದರೆ ಈ ಭಾಷಣ ಏಕೆ? ಉತ್ತರ ದೊರೆತ ಮೇಲೂ ನಾವು ಪ್ರಶ್ನೆಯನ್ನು ಅಡುಗೆ ಮನೆಯಲ್ಲಿ ಜೀವಂತವಾಗಿ ಇಟ್ಟುಕೊಂಡಿರುವುದರಿಂದ.

2019ರ ಡಿಸೆಂಬರ್ 26ರ ಬೆಳಗ್ಗೆ ನಮ್ಮ ಕರಾವಳಿಯಲ್ಲಿ ದೊಡ್ಡ ಸೂರ್ಯಗ್ರಹಣ ಕಾಣಿಸಿತು. ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಬಂಗಾರದ ಬಳೆಯಂತೆ ಪೂರ್ಣ ಕಂಕಣ ಕಂಡಿತು. ಮಸೀದಿಗಳಲ್ಲಿ ಗ್ರಹಣದ ನಮಾಝ್ ನಡೆಯಿತು. ಆದರೆ ಅದೇ ಹೊತ್ತಿನಲ್ಲಿ ನಮ್ಮ ಎಷ್ಟು ಮನೆಗಳಲ್ಲಿ ಬಸುರಿ ಸೊಸೆಯನ್ನು ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೂರಿಸಿ, ಕತ್ತಿ ಮುಟ್ಟಬೇಡ, ಮಗುವಿನ ತುಟಿ ಸೀಳುತ್ತದೆ ಎಂದು ಹೆದರಿಸಲಾಯಿತು? ಮಾವ ಮಸೀದಿಯಲ್ಲಿ ನಮಾಝ್, ಅತ್ತೆ ಮನೆಯಲ್ಲಿ ದಿಗ್ಬಂಧನ. ಅದೇ ದಿನ ಕಲಬುರಗಿ ತಾಲೂಕಿನ ತಾಜ್‌ಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಲಾಯಿತು. ಗ್ರಹಣ ಕಾಲದಲ್ಲಿ ಹಾಗೆ ಮಾಡಿದರೆ ಅಂಗವೈಕಲ್ಯ ವಾಸಿಯಾಗುವುದೆಂಬ ನಂಬಿಕೆ. ಅಳುವ ಮಕ್ಕಳ ಚಿತ್ರಗಳು ರಾಜ್ಯವನ್ನೇ ಬೆಚ್ಚಿ ಬೀಳಿಸಿದವು. ಆ ಹೆತ್ತವರು ಕ್ರೂರಿಗಳಲ್ಲ. ಮಗು ನಡೆಯಲೆಂದು ಯಾವ ಬಾಗಿಲನ್ನಾದರೂ ತಟ್ಟಲು ಸಿದ್ಧರಿದ್ದ ಬಡವರು. ಸರಿಯಾದ ಚಿಕಿತ್ಸೆಯ ಬಾಗಿಲು ತೆರೆಯದಿದ್ದಾಗ ಅವರು ಆಕಾಶದ ಬಾಗಿಲು ತಟ್ಟಿದರು. ಅಂಧವಿಶ್ವಾಸವು ಅಜ್ಞಾನದಿಂದ ಮಾತ್ರವಲ್ಲ, ಅಸಹಾಯಕತೆಯಿಂದಲೂ ಬೆಳೆಯುತ್ತದೆ. ಅದನ್ನು ಟೀಕಿಸುವವರು ಇದನ್ನು ಮರೆಯಬಾರದು.

ನಾವು ಜಾತಕ ಬರೆಸುವುದಿಲ್ಲ, ಆದ್ದರಿಂದ ಇದು ನಮ್ಮ ಸಮಸ್ಯೆಯಲ್ಲವೆಂದು ಕೆಲವರು ಹೇಳಬಹುದು. ಜಾತಕ ನಮ್ಮಲ್ಲಿಲ್ಲ, ಸರಿ. ಆದರೆ ಸಫರ್ ತಿಂಗಳಲ್ಲಿ ಮದುವೆ ನಿಲ್ಲುತ್ತದೆ. ಆ ತಿಂಗಳ ಕೊನೆಯ ಬುಧವಾರವನ್ನು ಅಪಶಕುನದ ದಿನವೆಂದು ಎಣಿಸುವವರಿದ್ದಾರೆ. ಹೊಸ ಅಂಗಡಿ ತೆರೆಯಲು, ಗಲ್ಫ್‌ಗೆ ಹೊರಡಲು ನಹ್ಸ್ ನೋಡಿ ದಿನ ನಿಶ್ಚಯಿಸಲಾಗುತ್ತದೆ. ಸಫರ್‌ನಲ್ಲಿ ಅಪಶಕುನವಿಲ್ಲವೆಂದು ಪ್ರವಾದಿವರ್ಯರು ಸ್ಪಷ್ಟವಾಗಿ ಹೇಳಿದ್ದಾರೆ. ಶವ್ವಾಲ್ ತಿಂಗಳ ಮದುವೆ ಅಶುಭವೆಂದು ಅರಬರು ನಂಬಿದ್ದಾಗ, ತಮ್ಮ ಮದುವೆ ಶವ್ವಾಲ್‌ನಲ್ಲೇ ಆಯಿತು, ತಮಗಿಂತ ಪ್ರೀತಿಪಾತ್ರಳಾದ ಪತ್ನಿ ಯಾರಿದ್ದರು ಎಂದು ಹಝ್ರತ್ ಆಯಿಶಾ(ರ) ಕೇಳಿದ್ದರು.

ಇನ್ನು ಹೆಸರಿನ ಲೆಕ್ಕ. ಅರಬಿ ಅಕ್ಷರಗಳಿಗೆ ಅಬ್ಜದ್ ಕ್ರಮದಲ್ಲಿ ಅಂಕೆಗಳಿವೆ. ಅಲಿಫ್‌ಗೆ 1, ಬಾಗೆ 2, ಜೀಮ್‌ಗೆ 3, ಹೀಗೆ. ವ್ಯಕ್ತಿಯ ಹೆಸರು, ತಾಯಿಯ ಹೆಸರು ಎರಡನ್ನೂ ಕೂಡಿಸಿ 12ರಿಂದ ಭಾಗಿಸಿ, ಉಳಿದ ಶೇಷದಿಂದ 'ಬುರ್ಜ್' ಅಂದರೆ ರಾಶಿ ಹೇಳುವವರಿದ್ದಾರೆ. ಜಾತಕಕ್ಕೆ ಅರಬಿ ಅಕ್ಷರದ ಉಡುಪು ತೊಡಿಸಿದರೆ ಅದು ದೀನ್ ಆಗುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ, ಮನೆಯಲ್ಲಿ ನೀವೇ ಮಾಡಿ ನೋಡಿ. ನಮ್ಮ ಹೆಣ್ಣುಮಕ್ಕಳಿಗೆ ಸುರಯ್ಯಾ ಎಂದು ಹೆಸರಿಡುತ್ತೇವೆ, ಪರ್ವೀನ್ ಎಂದೂ ಇಡುತ್ತೇವೆ. ಒಂದು ಅರಬಿ, ಇನ್ನೊಂದು ಫಾರ್ಸಿ. ಎರಡರ ಅರ್ಥವೂ ಒಂದೇ: ಕೃತ್ತಿಕಾ ನಕ್ಷತ್ರಪುಂಜ. ಅಬ್ಜದ್ ಪ್ರಕಾರ ಸುರಯ್ಯಾ 711. ಪರ್ವೀನ್‌ನ ಮೊದಲ ಅಕ್ಷರ 'ಪೇ' ಅರಬಿಯಲ್ಲಿ ಇಲ್ಲವೇ ಇಲ್ಲ. ಅದಕ್ಕೆ ಬಾದಿಂದ 2 ಸಾಲ ಪಡೆದರೆ ಮೊತ್ತ 268. ಹನ್ನೆರಡರಿಂದ ಭಾಗಿಸಿದರೆ ಮೊದಲನೆಯದರ ಶೇಷ 3, ಎರಡನೆಯದರ ಶೇಷ 4. ಒಬ್ಬಳು ಮಿಥುನ, ಇನ್ನೊಬ್ಬಳು ಕರ್ಕಾಟಕ. ಆಕಾಶದಲ್ಲಿ ಕೃತ್ತಿಕೆಯ ನಕ್ಷತ್ರಗುಚ್ಛ ಇರುವುದು ವೃಷಭದಲ್ಲಿ! ಇವರಿಬ್ಬರೂ ಒಂದೇ ತಾಯಿಯ ಅವಳಿ ಮಕ್ಕಳಾಗಿದ್ದರೆ, ತಾಯಿಯ ಹೆಸರನ್ನು ಸೇರಿಸಿದರೂ ಇಬ್ಬರ ರಾಶಿ ಬೇರೆಯಾಗಿಯೇ ಉಳಿಯುತ್ತದೆ. ಒಂದೇ ಗರ್ಭ, ಒಂದೇ ಗಳಿಗೆ, ಒಂದೇ ಅರ್ಥದ ಹೆಸರು. ಹಣೆಬರಹ ಮಾತ್ರ ಎರಡು!

ಈ ಲೆಕ್ಕ ನನಗೆ ಹೇಗೆ ಗೊತ್ತೆಂದು ನೀವು ಕೇಳಬಹುದು. ಸಹೋದರರೇ, ಇಲ್ಲಿ ನಾನೊಂದು ತಪ್ಪೊಪ್ಪಿಗೆ ಮಾಡಬೇಕಾಗಿದೆ. ಮದ್ರಸಾ ವಿದ್ಯಾರ್ಥಿಯಾಗಿದ್ದಾಗ ಹಳೆಯ ಉರ್ದು ಪುಸ್ತಕವೊಂದರಿಂದ ಇದನ್ನು ಕಲಿತೆ. ಅದು ಪಾಠದ ಭಾಗವಾಗಿರಲಿಲ್ಲ, ಹುಡುಗಾಟಿಕೆಯ ಕುತೂಹಲ. ರಜೆಯಲ್ಲಿ ಮನೆಗೆ ಬಂದಾಗ ನನ್ನ ಸೋದರತ್ತೆಯ ಮಗಳಿಗೆ ಸಂಬಂಧವೊಂದು ಬಂದಿತ್ತು. ಹುಡುಗ ಒಳ್ಳೆಯವನು, ಮನೆತನವೂ ಒಳ್ಳೆಯದು. ಕುಟುಂಬದ ಹಿರಿಯರೊಬ್ಬರು, "ನೀನು ಕಲಿತವನಲ್ಲವೇ, ಹೆಸರು ಕೂಡಿಸಿ ನೋಡು" ಎಂದರು. ಎಲ್ಲರ ಮುಂದೆ ಕಾಗದ ಹಿಡಿದು ಕೂತೆ. ನನ್ನ ಉಮ್ಮ ಹೆಮ್ಮೆಯಿಂದ ನೋಡುತ್ತಿದ್ದರು. ಕೂಡಿಸಿ, ಭಾಗಿಸಿ, ಒಬ್ಬರದು ಬೆಂಕಿ, ಇನ್ನೊಬ್ಬರದು ನೀರು, ಹೊಂದುವುದಿಲ್ಲವೆಂದೆ. ಆ ಸಂಬಂಧ ಅಲ್ಲಿಗೇ ಮುಗಿಯಿತು. ಲೆಕ್ಕ ಕೂಡದ ಹುಡುಗಿ ಎಂಬ ಮಾತು ಹೇಗೋ ಹೊರಗೆ ಹರಡಿತು. ಮುಂದಿನ ನಾಲ್ಕು ವರ್ಷ ಆ ಮನೆಯ ಮೆಟ್ಟಿಲನ್ನು ಬೇರೆ ಯಾರೂ ಹತ್ತಲಿಲ್ಲ.

ಕೆಲವು ತಿಂಗಳ ಬಳಿಕ ಆ ಕಾಗದ ಮತ್ತೆ ನನ್ನ ಕೈಗೆ ಸಿಕ್ಕಿತು. ಆಕೆಯ ಹೆಸರಿನ ಮೊದಲ ಅಕ್ಷರ ಸ್ವಾದ್. ನಾನು ಅವಸರದಲ್ಲಿ ಸೀನ್ ಎಂದು ಬರೆದಿದ್ದೆ. ಸ್ವಾದ್‌ಗೆ 90, ಸೀನ್‌ಗೆ 60. ಮೂವತ್ತರ ಆ ವ್ಯತ್ಯಾಸ ಆಕೆಯನ್ನು ರಾಶಿಚಕ್ರದ ನೇರ ಎದುರು ಬದಿಗೆ ತಳ್ಳಿತ್ತು. ಸರಿಯಾದ ಅಕ್ಷರ ಹಾಕಿದರೆ ಲೆಕ್ಕ ಹೊಂದುತ್ತಿತ್ತು. ಹೇಳುವ ಧೈರ್ಯ ನನಗಿರಲಿಲ್ಲ. ಬಹಳ ಕಾಲದ ನಂತರ, ಆಕೆಗೆ ಮದುವೆಯಾಗಿ ಮಕ್ಕಳಾದ ಮೇಲೆ, ಎಲ್ಲವನ್ನೂ ಹೇಳಿ ಕ್ಷಮೆ ಕೇಳಿದೆ. ಆಕೆ ಹೇಳಿದ್ದು ಇಷ್ಟು: "ನೀನು ಅಕ್ಷರ ತಪ್ಪಿದ್ದಕ್ಕೆ ನನಗೆ ಬೇಸರವಿಲ್ಲ. ಸರಿಯಾಗಿ ಬರೆದಿದ್ದರೂ ಅದು ಸುಳ್ಳೇ ತಾನೇ? ನಾನು ಅದೇ ಮನೆಯಲ್ಲಿ, ಬಾಗಿಲಿನ ಆಚೆಗೆ ಇದ್ದೆ. ನಿಮ್ಮಲ್ಲಿ ಒಬ್ಬರೂ ನನ್ನನ್ನು ಕೇಳಲಿಲ್ಲ."

ನಿಕಾಹ್‌ಗೆ ಹೆಣ್ಣಿನ ಒಪ್ಪಿಗೆ ಬೇಕೆಂದು ನಾನು ಕಲಿತಿದ್ದೆ. ಕಲಿತದ್ದನ್ನು ಮರೆತು, ಕಲಿಯಬಾರದ್ದನ್ನು ಪ್ರಯೋಗಿಸಿದ್ದೆ. ನಕ್ಷತ್ರದ ಲೆಕ್ಕದಿಂದ ಆಗುವ ದೊಡ್ಡ ಹಾನಿ ಇದೇ. ಅದು ಮನುಷ್ಯನನ್ನು ಕೇಳುವುದನ್ನು ನಿಲ್ಲಿಸುತ್ತದೆ. ನಮ್ಮ ನೆರೆಯ ಹಿಂದೂ ಸಹೋದರಿಯರು ಮೂಲಾ, ಆಶ್ಲೇಷಾ ಅಥವಾ ಕುಜದೋಷದ ಹೆಸರಿನಲ್ಲಿ ಅನುಭವಿಸುವ ನೋವೂ ಇದೇ. ಹನ್ನೆರಡನೆಯ ಶತಮಾನದಲ್ಲೇ ಬಸವಣ್ಣನವರು ಶುಭಲಗ್ನ, ರಾಶಿಕೂಟಗಳ ಲೆಕ್ಕವನ್ನು ತಿರಸ್ಕರಿಸಿದ್ದರು. ಈ ಹೋರಾಟದಲ್ಲಿ ನಾವು ಒಂಟಿಯಲ್ಲ.

ಆದರೆ ಜ್ಯೋತಿಷಿಗಳು ಹೇಳಿದ್ದು ಕೆಲವೊಮ್ಮೆ ನಿಜವಾಗುತ್ತದಲ್ಲ ಎಂಬ ಆಕ್ಷೇಪವಿದೆ. ಇತಿಹಾಸದ ವಿದ್ಯಾರ್ಥಿಯಾಗಿ ಇದಕ್ಕೆ ನಮ್ಮ ನಾಡಿನದೇ ನಿದರ್ಶನ ಕೊಡುತ್ತೇನೆ. 1799ರ ಮೇ 4ರ ಬೆಳಗ್ಗೆ ಶ್ರೀರಂಗಪಟ್ಟಣದಲ್ಲಿ ಜ್ಯೋತಿಷಿಗಳು ಟಿಪ್ಪು ಸುಲ್ತಾನರಿಗೆ ಆ ದಿನ ಅಶುಭವೆಂದು ಎಚ್ಚರಿಸಿದ್ದರು, ಸುಲ್ತಾನರು ದಾನಗಳನ್ನೂ ನೀಡಿದ್ದರು ಎಂದು ದಾಖಲಾಗಿದೆ. ಅದೇ ಮಧ್ಯಾಹ್ನ ಅವರು ಹುತಾತ್ಮರಾದರು. ಭವಿಷ್ಯ ನಿಜವಾಯಿತೇ? ಸ್ವಲ್ಪ ಯೋಚಿಸಿ. ಒಂದು ತಿಂಗಳಿನಿಂದ ಕೋಟೆಗೆ ಮುತ್ತಿಗೆ ಬಿದ್ದಿತ್ತು. ಹಿಂದಿನ ದಿನವೇ ಫಿರಂಗಿಗಳು ಗೋಡೆಯಲ್ಲಿ ಬಿರುಕು ತೆರೆದಿದ್ದವು. ಆ ದಿನ ಅಪಾಯಕಾರಿ ಎನ್ನಲು ಗ್ರಹಗಳು ಬೇಕಾಗಿರಲಿಲ್ಲ, ಕಣ್ಣುಗಳಿದ್ದರೆ ಸಾಕಿತ್ತು. ಆನೆ ದಾನ ಕೊಟ್ಟರೆ ಬಿರುಕು ಮುಚ್ಚುವುದಿಲ್ಲ. ನಮ್ಮ ಪ್ರೀತಿಯ ಸುಲ್ತಾನರ ವಿಷಯದಲ್ಲೂ ಈ ಸತ್ಯವನ್ನು ಹೇಳಬೇಕಾಗುತ್ತದೆ.

ಬಗ್ದಾದಿನ ಕಥೆಯೂ ಬೇರೆಯಲ್ಲ. ಕ್ರಿ.ಶ. 762ರಲ್ಲಿ ಖಲೀಫಾ ಮನ್ಸೂರರು ಜ್ಯೋತಿಷಿಗಳಿಂದ ಗಳಿಗೆ ನೋಡಿಸಿ ಆ ನಗರಕ್ಕೆ ಅಡಿಪಾಯ ಹಾಕಿಸಿದರು. ಅಂದಿನ ಜಗತ್ತಿನ ಅತ್ಯುತ್ತಮ ಮುಹೂರ್ತ! 1258ರಲ್ಲಿ ಹುಲಾಗೂವಿನ ಸೈನ್ಯ ಅದೇ ನಗರವನ್ನು ಸೂರೆಗೊಂಡಿತು. ಮುಸ್ಲಿಮ್ ದೊರೆಗಳ ಆಸ್ಥಾನಗಳಲ್ಲಿ ಜ್ಯೋತಿಷಿಗಳಿದ್ದರು ಎಂಬುದನ್ನು ನಾವು ಮರೆಮಾಚಬೇಕಾಗಿಲ್ಲ. ಆದರೆ ಅದೇ ನಾಗರಿಕತೆಯಲ್ಲಿ ಇಬ್ನು ಸೀನಾ ಜ್ಯೋತಿಷ್ಯವನ್ನು ಖಂಡಿಸಿ ಗ್ರಂಥ ರಚಿಸಿದರು. ಇಬ್ನು ಖಲ್ದೂನ್ ತಮ್ಮ 'ಮುಖದ್ದಿಮಾ'ದಲ್ಲಿ ಅದರ ನಿರಾಕರಣೆಗೆ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟರು. ಮರಾಘಾ, ಸಮರ್ಕಂದ್‌ಗಳ ವೀಕ್ಷಣಾಲಯಗಳಲ್ಲಿ ನಕ್ಷತ್ರಗಳ ಸ್ಥಾನವನ್ನು ಅಳೆಯಲಾಯಿತು. ರೋಹಿಣಿ ನಕ್ಷತ್ರವನ್ನು ಇಡೀ ಜಗತ್ತು ಇಂದಿಗೂ ಅಲ್ಡೆಬರಾನ್ ಎಂಬ ಅರಬಿ ಮೂಲದ ಹೆಸರಿನಿಂದ ಕರೆಯುತ್ತದೆ. 'ಹಿಂಬಾಲಿಸುವವನು' ಎಂದು ಅದರ ಅರ್ಥ. ಕೃತ್ತಿಕೆಯ ಹಿಂದೆಯೇ ಅದು ಆಕಾಶವೇರುತ್ತದೆ. ನಕ್ಷತ್ರಗಳನ್ನು ಎಣಿಸಿದವರ ಮಕ್ಕಳು ನಾವು. ಇಂದು ನಕ್ಷತ್ರಗಳಿಗೆ ಹೆದರುತ್ತಿದ್ದೇವೆ.

ಆಧುನಿಕ ಪರೀಕ್ಷೆಯೂ ನಡೆದಿದೆ. ಪ್ರಸಿದ್ಧ ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್ ಮತ್ತು ಸಂಗಡಿಗರು 2008ರಲ್ಲಿ ಪುಣೆಯಲ್ಲಿ 200 ಮಕ್ಕಳ ಜನನ ವಿವರಗಳನ್ನು ಸಂಗ್ರಹಿಸಿದರು. ನೂರು ಮಂದಿ ಪ್ರತಿಭಾವಂತರು, ನೂರು ಮಂದಿ ಬುದ್ಧಿಮಾಂದ್ಯರು. ತಲಾ 40 ಜಾತಕಗಳನ್ನು ನೋಡಿ ಯಾರು ಯಾವ ಗುಂಪಿನವರೆಂದು ಹೇಳಲು ಜ್ಯೋತಿಷಿಗಳನ್ನು ಆಹ್ವಾನಿಸಲಾಯಿತು. ಉತ್ತರ ಕಳುಹಿಸಿದ 27 ಮಂದಿಯ ಸರಾಸರಿ ಯಶಸ್ಸು ನೂರಕ್ಕೆ 46. ನಾಣ್ಯ ಚಿಮ್ಮಿಸಿ ಹೇಳಿದ್ದರೆ ಸುಮಾರು 50 ಬರುತ್ತಿತ್ತು. ಇನ್ನೊಂದು ಮಾತು. ಏಪ್ರಿಲ್ 5ರಂದು ಹುಟ್ಟಿದವನು ಪಾಶ್ಚಾತ್ಯ ಲೆಕ್ಕದಲ್ಲಿ ಮೇಷ, ನಮ್ಮ ಪಂಚಾಂಗದ ಸೂರ್ಯನ ಲೆಕ್ಕದಲ್ಲಿ ಮೀನ. ಎರಡು ಪದ್ಧತಿಗಳ ನಡುವೆ ಇಂದು ಸುಮಾರು 24 ಡಿಗ್ರಿ ಅಂತರವಿದೆ. ಯಾವುದರ ಪ್ರಕಾರ ಆತ ಬದುಕಬೇಕು?

ಈಗ ಒಂದು ಗಾಯವನ್ನು ಮುಟ್ಟುತ್ತೇನೆ. 2010ರ ಮೇ 22ರ ಮುಂಜಾನೆ ದುಬೈಯಿಂದ ಬಂದ ವಿಮಾನ ಮಂಗಳೂರಿನಲ್ಲಿ ಕಣಿವೆಗೆ ಉರುಳಿತು. 166 ಮಂದಿಯಲ್ಲಿ 158 ಮಂದಿ ತೀರಿಹೋದರು. ಅವರಲ್ಲಿ ಹಸುಗೂಸುಗಳಿದ್ದರು, ವೃದ್ಧರಿದ್ದರು, ಎಲ್ಲ ಧರ್ಮದವರಿದ್ದರು. ಎಲ್ಲ ರಾಶಿಯವರೂ ಇದ್ದಿರಲೇಬೇಕು. ಎಂಟು ಮಂದಿ ಬದುಕುಳಿದರು. ಅಷ್ಟೊಂದು ಭಿನ್ನ ಜನ್ಮಗಳಿಗೆ ಒಂದೇ ಗಳಿಗೆಯ ಮರಣವನ್ನು ಯಾವ ನಕ್ಷತ್ರ ಬರೆಯಿತು? ತನಿಖೆ ನಡೆಸಿದವರು ಕಾರಣವನ್ನು ಗ್ರಹಗಳಲ್ಲಿ ಹುಡುಕಲಿಲ್ಲ. ವಿಮಾನ ಸರಿಯಾದ ಎತ್ತರದಲ್ಲಿ ಇಳಿಯುತ್ತಿರಲಿಲ್ಲ, ಸಹಪೈಲಟ್ ಎಚ್ಚರಿಸಿದರೂ ಅದನ್ನು ಮತ್ತೆ ಮೇಲೇರಿಸಲಿಲ್ಲ ಎಂದು ಕಂಡುಕೊಂಡರು. ಹೀಗೆ ಹುಡುಕಿದರೆ ಮಾತ್ರ ಮುಂದಿನ ವಿಮಾನ ಸುರಕ್ಷಿತವಾಗುತ್ತದೆ. ವಿಧಿ ಎಂದು ಕೈಚೆಲ್ಲಿದರೆ ಹೊಣೆಗಾರರು ತಪ್ಪಿಸಿಕೊಳ್ಳುತ್ತಾರೆ.

ಆಳುವವರಿಗೆ ಇದು ಅನುಕೂಲಕರ. ಚಾಮರಾಜನಗರಕ್ಕೆ ಕಾಲಿಟ್ಟರೆ ಅಧಿಕಾರ ಹೋಗುತ್ತದೆಂಬ ಭಯದಿಂದ ನಮ್ಮ ರಾಜ್ಯದ ಹಲವು ಮುಖ್ಯಮಂತ್ರಿಗಳು ಆ ಊರಿನತ್ತ ತಲೆ ಹಾಕಲಿಲ್ಲ. ಸಿದ್ದರಾಮಯ್ಯನವರು ಹಲವು ಬಾರಿ ಹೋಗಿಬಂದರು, 2013ರಿಂದ 2018ರವರೆಗೆ ಪೂರ್ಣ ಐದು ವರ್ಷ ಆಡಳಿತವನ್ನೂ ನಡೆಸಿದರು. ಮುಖ್ಯಮಂತ್ರಿಯ ಮೂಢನಂಬಿಕೆಗೆ ಬೆಲೆ ತೆರುವವರು ಆ ಜಿಲ್ಲೆಯ ಬಡವರು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡ ಮತ್ತು ಮೂಢನಂಬಿಕೆಗಳ ತನಿಖೆಗೆ ಸಮಿತಿ ರಚಿಸಿದ್ದರು. ಕಾಲು ಶತಮಾನದ ಬಳಿಕ, 2001ರಲ್ಲಿ ಯುಜಿಸಿ ವಿಶ್ವವಿದ್ಯಾಲಯಗಳಲ್ಲಿ ಜ್ಯೋತಿಷ್ಯವನ್ನೇ ವಿಜ್ಞಾನವೆಂದು ಕಲಿಸಲು ಮುಂದಾಯಿತು. 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಡೆಯಲು ನಿರಾಕರಿಸಿತು. ನಮ್ಮ ರಾಜ್ಯದ 2017ರ ಮೌಢ್ಯ ವಿರೋಧಿ ಕಾನೂನು ಅಮಾನವೀಯ ಆಚರಣೆಗಳನ್ನು ಶಿಕ್ಷಾರ್ಹಗೊಳಿಸಿದರೂ ಜ್ಯೋತಿಷಿಗಳ ಸಲಹೆಯನ್ನು ಹೊರಗಿಟ್ಟಿದೆ. ಕಾನೂನು ನಿಲ್ಲುವಲ್ಲಿ ಕುಟುಂಬ ಆರಂಭಿಸಬೇಕು.

ಕೊನೆಯದಾಗಿ, ನಾವು ತಕ್ದೀರನ್ನು ನಂಬುವವರಲ್ಲವೇ, ಹಾಗಾದರೆ ಹಣೆಬರಹ ಸುಳ್ಳು ಹೇಗೆ ಎಂಬ ಪ್ರಶ್ನೆ. ಉತ್ತರ ಹಝ್ರತ್ ಉಮರ್(ರ)ರ ಬದುಕಿನಲ್ಲಿದೆ. ಸಿರಿಯಾದತ್ತ ಹೊರಟಿದ್ದ ಅವರಿಗೆ ಅಲ್ಲಿ ಪ್ಲೇಗ್ ಹರಡಿದೆಯೆಂದು ತಿಳಿಯಿತು. ಸಮಾಲೋಚಿಸಿ ಹಿಂದಿರುಗಲು ನಿರ್ಧರಿಸಿದರು. ಅಲ್ಲಾಹನ ವಿಧಿಯಿಂದ ಓಡಿಹೋಗುತ್ತಿದ್ದೀರಾ ಎಂದು ಅಬೂಉಬೈದಾ(ರ) ಕೇಳಿದಾಗ, ಅಲ್ಲಾಹನ ಒಂದು ವಿಧಿಯಿಂದ ಇನ್ನೊಂದು ವಿಧಿಯೆಡೆಗೆ ಹೋಗುತ್ತಿದ್ದೇವೆಂದು ಉತ್ತರಿಸಿದರು. ತಕ್ದೀರ್ ಎಂದರೆ ಅಲ್ಲಾಹನ ಜ್ಞಾನ. ಅದನ್ನು ಓದುವ ಕೀಲಿ ಯಾವ ಮನುಷ್ಯನ ಬಳಿಯಲ್ಲೂ ಇಲ್ಲ. ನಾಳೆ ಏನೆಂಬುದು ಮುಚ್ಚಿರುವುದರಿಂದಲೇ ಇಂದು ಪ್ರಯತ್ನಿಸುವ ಹೊಣೆ ನಮ್ಮ ಮೇಲಿದೆ. ನಕ್ಷತ್ರದ ಹಣೆಬರಹ ಕಾಲನ್ನು ಕಟ್ಟುತ್ತದೆ, ತಕ್ದೀರ್‌ನ ವಿಶ್ವಾಸ ಹೆಜ್ಜೆ ಇಡಿಸುತ್ತದೆ.

ಆದ್ದರಿಂದ ಅಜೆಕಾರಿನ ಮನೆಗಳಲ್ಲಿ ನನ್ನದೊಂದು ವಿನಂತಿ. ಸಂಬಂಧ ಬಂದಾಗ ಹೆಸರು ಕೂಡಿಸಬೇಡಿ. ಹುಡುಗನ ನಡತೆ, ಆರೋಗ್ಯ, ದುಡಿಮೆ, ಸಾಲಗಳನ್ನು ವಿಚಾರಿಸಿ. ಎಲ್ಲಕ್ಕೂ ಮೊದಲು ಒಳಗಿರುವ ಮಗಳನ್ನು ಕೇಳಿ. ಮಗು ಹುಟ್ಟಿದ ವಾರ ಅಂಗಡಿ ನಷ್ಟ ಅನುಭವಿಸಿದರೆ ಲೆಕ್ಕದ ಪುಸ್ತಕ ತೆರೆಯಿರಿ, ಮಗುವಿನ ಕಾಲ್ಗುಣವನ್ನು ಹಳಿಯಬೇಡಿ. ಜ್ವರ ಬಂದರೆ ವೈದ್ಯರ ಬಳಿ ಹೋಗಿ, ಗೊಂದಲವಾದರೆ ತಿಳಿದವರೊಡನೆ ಸಮಾಲೋಚಿಸಿ, ಇಸ್ತಿಖಾರಃ ನಮಾಝ್ ಮಾಡಿ. ಮಳೆ ಇಲ್ಲದ ರಾತ್ರಿ ಮಕ್ಕಳನ್ನು ಅಂಗಳಕ್ಕೆ ಕರೆದೊಯ್ದು ಕೃತ್ತಿಕೆಯನ್ನು ತೋರಿಸಿ. ಇಂದು ನಮ್ಮ ಕಣ್ಣಿಗೆ ಬೀಳುವ ಅದರ ಬೆಳಕು ಹೊರಟು ಸುಮಾರು 440 ವರ್ಷಗಳಾದವು. ಅದು ಅಕ್ಬರನ ಕಾಲ. ಇಂದು ಹುಟ್ಟಿದ ಮಗುವಿನ ಭವಿಷ್ಯ ಅದಕ್ಕೆ ಗೊತ್ತಿರಲು ಹೇಗೆ ಸಾಧ್ಯವೆಂದು ಮಕ್ಕಳನ್ನೇ ಕೇಳಿ, ಅವರು ನಗುತ್ತಾರೆ. ಆ ನಗುವೇ ನಮಗೆ ಬೇಕಾಗಿರುವುದು.

ಕತ್ತಲಲ್ಲಿ ದಾರಿ ಕಾಣಲೆಂದು ನಕ್ಷತ್ರಗಳನ್ನಿಟ್ಟ ಅಲ್ಲಾಹನು, ಆ ಬೆಳಕಿನಲ್ಲಿ ನಡೆಯುವ ಬುದ್ಧಿಯನ್ನೂ ನಮಗೆ ಕರುಣಿಸಲಿ. ಆಮೀನ್.